ಗೋಡೆಗೆ ಚುಚ್ಚಿದ ಒಂಬತ್ತು ಪಟ್ಟಿ

ಏಪ್ರಿಲ್ ೯, ಬೆಳಿಗ್ಗೆ

…ಇಲ್ಲ, ಹೀಗಲ್ಲ. ಕ್ಷಮಿಸು ಅಕ್ಕ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದು ನಾಲ್ಕನೇ ಸಲ. ಮೊದಲನೇದ್ರಲ್ಲಿ ಹೇಗಿದ್ದೀಯ ಅಂತ ಕೇಳ್ದೆ, ಒಂಬತ್ತು ವರ್ಷ ಆದ್ಮೇಲೆ ಕೇಳೋ ಮಾತಾ ಅದು ಅಂತ ಅಳಿಸ್ದೆ. ಎರಡನೇದ್ರಲ್ಲಿ ಮಾತಿಗಿಂತ ಕೆಮ್ಮೇ ಜಾಸ್ತಿ ಇತ್ತು. ಮೂರನೇದು ಏನಕ್ಕೆ ಅಳಿಸ್ದೆ ಅಂತ ನಂಗೇ ನೆನಪಿಲ್ಲ. ಬರೆದು ಕಳಿಸೋಣ ಅಂದ್ರೆ ನನ್ನ ಕೈಬರಹ ನಿಂಗೆ ಗೊತ್ತು. ಫೋನ್ ಮಾಡಿದ್ರೆ ನೀನು ಎತ್ತಲ್ಲ. ಹಾಗಾಗಿ ಮಾತಾಡಿ ಕಳಿಸ್ತಿದ್ದೀನಿ, ಬೇಕಿದ್ರೆ ಕೇಳು, ಬೇಡ ಅಂದ್ರೆ ಬಿಡು.

ವಿಷಯ ಇಷ್ಟು. ನಿಮ್ಮ ಬೀದಿಗೆ ಮೇಲ್ಗಡೆ ಖಾಲಿ ಮೈದಾನ ಇದೆಯಲ್ಲ, ಅಲ್ಲಿ ಎಪ್ಪತ್ತೆರಡು ಹೊಸ ಮನೆ ಬರತ್ತೆ. ಮಳೆನೀರು ಎಲ್ಲಿ ನಿಲ್ಬೇಕು, ಯಾವ ದಾರೀಲಿ ಹೋಗ್ಬೇಕು ಅನ್ನೋ ಲೆಕ್ಕ ನಂದು. ಬೈಕೋತೀಯ ಅಂತ ಗೊತ್ತು. ಬೈದು ಮುಗಿಸಿ ಮುಂದೆ ಕೇಳು.

ಮೊನ್ನೆ ಮುಕ್ಕಾಲು ಗಂಟೆ ಮಳೆ ಹೊಡೀತಲ್ಲ, ಅಷ್ಟೊತ್ತೂ ನಾನು ಆ ಮೈದಾನದ ತಗ್ಗಿನ ಮೂಲೇಲಿ ಛತ್ರಿ ಹಿಡ್ಕೊಂಡು ನಿಂತಿದ್ದೆ. ಮೊಣಕಾಲುದ್ದ ನೀರು ನಿಲ್ತು. ಮಳೆ ನಿಂತ ನಲವತ್ತೇ ನಿಮಿಷಕ್ಕೆ ಅಷ್ಟೂ ನೀರು ಮಾಯ, ಕೆಸರು ಮಾತ್ರ ಉಳೀತು. ಸರಿ, ಮಣ್ಣು ಕುಡೀತಿದೆ ಅಂದ್ಕೊಂಡೆ. ಮಾರನೇ ದಿನ ಸ್ವಲ್ಪ ಆಚೆ ಒಂದು ಗುಂಡಿ ತೆಗೆಸಿ, ಆರು ಬಕೆಟ್ ಸುರಿದು, ಅಳತೆ ಕೋಲು ನಿಲ್ಸಿ ಪಕ್ಕದಲ್ಲಿ ಕೂತೆ. ಸಂಜೆ ತನಕ ಒಂದು ಬೆರಳಷ್ಟೂ ಇಳೀಲಿಲ್ಲ. ಜೇಡಿಮಣ್ಣು ಅಕ್ಕ, ಮಡಕೆ ತಳ ಇದ್ದ ಹಾಗೆ. ಹಾಗಾದ್ರೆ ಹಿಂದಿನ ದಿನದ ನೀರು ಹೋಗಿದ್ದೆಲ್ಲಿಗೆ? ನೆಲ ಕುಡ್ದಿಲ್ಲ, ಮೇಲಿಂದ ಹರಿದಿಲ್ಲ, ಆವಿ ಆಗೋಕೆ ಬಿಸಿಲೇ ಇರ್ಲಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದೀನಿ, ನೀರು ಹೇಳದೇ ಕೇಳದೇ ಎದ್ದು ಹೋಗಿದ್ದನ್ನ ಇದೇ ಮೊದಲು ನೋಡ್ತಿರೋದು. ಊಟ ಮಾಡೋವಾಗ್ಲೂ ಅದೇ ಯೋಚನೆ. ನನ್ನ ಹೆಂಡತಿ ಕೇಳಿದ್ಲು, ತಟ್ಟೇಲಿ ಏನು ಹುಡುಕ್ತಿದ್ದೀರ ಅಂತ.

ನೆಲಮಾಳಿಗೆ ವಿಷಯ ನಾನು ಎತ್ತಲ್ಲ. ಎತ್ತಲ್ಲ ಅಂದ್ರೂ ಎತ್ತಿದ ಹಾಗೇ ಆಯ್ತು, ಇರ್ಲಿ. ಕೆಳಗಿನ ಮೂವತ್ತು ಮನೆ ಲೇಔಟ್ ನಾನು ಮುಗಿಸಿದ ಮೇಲೇ ನೆಲಮಾಳಿಗೇಲಿರೋ ನಿನ್ನ ಹೊಲಿಗೆ ಕೋಣೆಗೆ ನೀರು ಬರೋಕೆ ಶುರುವಾಯ್ತು ಅಂತ ನೀನಂದೆ. ಆ ಲೇಔಟ್ ನಿನ್ನ ಮನೆಗಿಂತ ಎರಡಾಳು ಕೆಳಗಿದೆ, ನೀರು ಮೇಲಕ್ಕೆ ಹತ್ತಲ್ಲ, ಸೋರ್ತಿರೋದು ನಿನ್ನ ಬಚ್ಚಲ ಪೈಪು ಅಂತ ನಾನಂದೆ. ಎರಡು ಸಲ ಬಚ್ಚಲು ಒಡೆಸ್ದೆ ನೀನು. ಆಮೇಲೆ ಒಂದಿನ ಬಾಗಿಲಲ್ಲೇ ನಿಂತು ಹೇಳ್ದೆ, "ನಿನ್ನ ಲೆಕ್ಕ ಒಣಗೇ ಇದೆ, ಒದ್ದೆ ಆಗಿರೋದು ನನ್ನ ಮನೆ." ಅದೇ ನಿನ್ನಿಂದ ಕೇಳಿದ ಕೊನೇ ಮಾತು.

ಈಗ ಕೇಳ್ಬೇಕಾಗಿರೋದು ಒಂದೇ. ನೀನು ಆ ಬೀದಿಗೆ ಬಂದು ಇಪ್ಪತ್ತೆರಡು ವರ್ಷ. ಆ ಮೈದಾನದಲ್ಲಿ ಮೊದಲು ಏನಿತ್ತು? ನಕ್ಷೆಗಳಲ್ಲಿ ಬರೀ ಬಿಳಿ ಜಾಗ ಇದೆ.

ಇಷ್ಟೇ. ನಿನ್ನ ತಮ್ಮ.


ಏಪ್ರಿಲ್ ೧೪

ನೀರಿನ ಸಾಹೇಬರಿಗೆ,

ಚರಂಡಿಗೆ ಹಾಕೋ ಮಣ್ಣಿನ ಕೊಳವೆ ಮಾಡೋ ಕಾರ್ಖಾನೆ ಇತ್ತು. ನಾವು ಬರೋ ಹೊತ್ತಿಗೇ ಮುಚ್ಚಿತ್ತು, ಚಿಮಣಿ ಮಾತ್ರ ನಿಂತಿತ್ತು. ಪಕ್ಕದ ಮನೆ ಅಜ್ಜಿ ಅಲ್ಲಿ ಕೆಲಸ ಮಾಡಿದವರು. ಮಣ್ಣು ತೆಗೆದ ಗುಂಡೀಲಿ ನೀರು ನಿಂತ್ರೆ ಕೆಲಸ ನಿಂತು ಹೋಗ್ತಿತ್ತಂತೆ. ಅದಕ್ಕೆ ಸೊಟ್ಟಗಾಗಿ ಮಾರೋಕೆ ಬರದ ಕೊಳವೆಗಳನ್ನೇ ಒಂದಕ್ಕೊಂದು ಜೋಡಿಸಿ ಕೆಳಗಿನ ಹಳ್ಳದ ತನಕ ಹೂತಿದ್ರಂತೆ. ಯಾವ ದಾರೀಲಿ ಅಂತ ಅವರಿಗೂ ನೆನಪಿಲ್ಲ.

ಬಚ್ಚಲು ಒಡೆಸಿದ್ದು ಎರಡು ಸಲ ಅಲ್ಲ, ಮೂರು ಸಲ.

ನಿಮ್ಮ ಅಕ್ಕ


ಏಪ್ರಿಲ್ ೨೭, ಮಧ್ಯಾಹ್ನ

ಅಕ್ಕ, ಮೂರು ಸಲ. ಸರಿ, ತಿದ್ಕೊಂಡೆ.

ಸಿಕ್ತು ಅಕ್ಕ. ಮೊದಲು ಅದನ್ನ ಹೇಳ್ಬಿಡ್ತೀನಿ. ಜೆಸಿಬಿ ಓಡಿಸೋನಿಗೆ, ಹಲ್ಲಿನ ತುದೀಲಿ ಕೆರೆದ ಹಾಗೆ ಮೆಲ್ಲಗೆ ತೆಗಿಯಪ್ಪ, ಒಳಗಿರೋದು ಮಣ್ಣಿನ ಸಾಮಾನು ಅಂತ ಹೇಳಿದ್ದೆ. ಅವನು ಒಂದು ದಿನ ಸುಮ್ನೆ ತೆಗೆದ, ಎರಡನೇ ದಿನ ಕೇಳೇಬಿಟ್ಟ, ಸಾರ್ ನೀವು ಹುಡುಕ್ತಿರೋದು ನಿಧಿ ಆದ್ರೆ ನಂಗೂ ಒಂದು ಪಾಲಿರ್ಲಿ ಅಂತ. ಮೂರನೇ ದಿನ ಎದೆ ಮಟ್ಟದ ಆಳದಲ್ಲಿ ಟಕ್ ಅಂತು. ಕೈಯಲ್ಲೇ ಮಣ್ಣು ಬಳಿದ್ವಿ. ಕೆಂಪು ಕೊಳವೆ, ಒಂದೊಂದೂ ಎರಡಡಿ ಉದ್ದ, ಒಂದೂ ನೆಟ್ಟಗಿಲ್ಲ. ಒಂದು ಸೊಂಟ ತಿರುಗಿಸಿದೆ, ಒಂದರ ಬಾಯಿ ಚಪ್ಪಟೆ ಆಗಿದೆ. ಒಂದರ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಹಾಗೇ ಸುಟ್ಟು ಕೂತಿದೆ, ಗೆರೆಗಳೂ ಕಾಣತ್ತೆ. ನನ್ನ ಹೆಬ್ಬೆರಳು ಇಟ್ಟು ನೋಡ್ದೆ, ನಂದಕ್ಕಿಂತ ಚಿಕ್ಕದು. ನಿಮ್ಮ ಪಕ್ಕದ ಮನೆ ಅಜ್ಜೀದೇ ಇರಬಹುದಾ? ಕೇಳಿ ನೋಡು.

ಕಿವಿ ಇಟ್ಟು ಕೇಳ್ದೆ. ಡ್ರೈವರ್ ನಗ್ತಿದ್ದ, ಅವನಿಗೂ ಕೇಳಿಸ್ದೆ, ನಗು ನಿಲ್ತು. ಒಳಗೆ ದೂರದಲ್ಲಿ ನೀರು ಹನಿಯೋ ಶಬ್ದ. ನಲವತ್ತು ವರ್ಷದ ಹಿಂದೆ ಮುಚ್ಚಿದ ಕಾರ್ಖಾನೆ, ಕೆಲಸದೋರು ಹೋದ್ರು, ಚಿಮಣಿ ಬಿತ್ತು, ಈ ಸೊಟ್ಟ ಕೊಳವೆಗಳಿಗೆ ಮಾತ್ರ ಯಾರೂ ರಜಾ ಕೊಟ್ಟಿಲ್ಲ.

ಕೊಳವೆ ಯಾವ ದಿಕ್ಕಿಗೆ ಹೋಗತ್ತೆ ಅಂತ ದಾರ ಎಳೆದು ನೋಡ್ದೆ. ದಾರ ನಿಮ್ಮ ಬೀದಿ ಕಡೆ ಹೋಯ್ತು. ಬೀದಿ ಅಂದ್ರೆ ಉದ್ದಕ್ಕಿದೆ ಬಿಡು, ಎಲ್ಲಾದ್ರೂ ಇರಬಹುದು.

ಭಾವ ನಿನ್ನೆ ಬಸ್ ಸ್ಟಾಪಲ್ಲಿ ಸಿಕ್ಕಿದ್ರು. ನನ್ನ ಮಾತನ್ನ ನೀನು ಬಟ್ಟೆ ಕತ್ತರಿಸೋವಾಗ ಎರಡೆರಡು ಸಲ ಹಾಕಿ ಕೇಳ್ತೀಯಂತೆ. ನಾನು ಹೇಳ್ದೆ ಅಂತ ಹೇಳ್ಬೇಡ ಅಂದಿದಾರೆ, ಹಾಗಾಗಿ ನಾನು ಹೇಳಿಲ್ಲ. ಊಟದ ಟೇಬಲ್ ಮೇಲೆ ಬಗ್ಗಿ ಬಗ್ಗಿ ಕತ್ತರಿಸಿ ನಿನ್ನ ಬೆನ್ನು ಹಿಡ್ಕೊಂಡಿದೆ ಅಂತಾನೂ ಹೇಳಿದ್ರು. ದೊಡ್ಡ ಕಟಿಂಗ್ ಟೇಬಲ್ ಇನ್ನೂ ಕೆಳಗೇ, ನೀರು ತಾಗದ ಹಾಗೆ ಇಟ್ಟಿಗೆ ಮೇಲೆ ನಿಂತಿದೆಯಂತೆ. ಅದನ್ನ ಭಾವ ನೆಲಮಾಳಿಗೇಲೇ ಕೂತು ಮಾಡಿದ್ದು, ಕೋಣೆ ಅಳೆದ್ರು, ಬಾಗಿಲು ಅಳೀಲಿಲ್ಲ, ಈಗ ಅದು ಹೊರಗೇ ಬರಲ್ಲ. ಅಳತೆ ತಪ್ಪೋದು ನಮ್ಮ ಮನೇಲಿ ನನಗೊಬ್ಬನಿಗೇ ಬಂದಿದ್ದಲ್ಲ ನೋಡು.

ಚಿಕ್ಕೋನಿದ್ದಾಗ ಮೊಂಡ ಅಂತ ಕರೀತಿದ್ದೆ, ಈಗ ಸಾಹೇಬ್ರು. ಬಡ್ತಿ ಸಿಕ್ಕಿದ್ದಕ್ಕೆ ಬೇಜಾರಿಲ್ಲ.

ನಿನ್ನ ತಮ್ಮ.


ಮೇ ೬, ಸಂಜೆ

ಅಕ್ಕ, ಇವತ್ತು ಕೊಳವೆಗೆ ಬಣ್ಣ ಹಾಕ್ದೆ. ಚರಂಡಿ ಪರೀಕ್ಷೆಗೆ ಅಂತಾನೇ ಒಂದು ಪುಡಿ ಬರತ್ತೆ, ಯಾರಿಗೂ ತೊಂದ್ರೆ ಇಲ್ಲ, ಒಂದು ಚಮಚ ಹಾಕಿದ್ರೆ ಒಂದಿಡೀ ಕೆರೇನೇ ಹಸಿರಾಗತ್ತೆ, ಹಸಿರು ಅಂದ್ರೆ ನಂಬೋಕಾಗದ ಹಸಿರು. ಎರಡು ಟ್ಯಾಂಕರ್ ನೀರಿನ ಜೊತೆ ಬೆಳಿಗ್ಗೆ ಎಂಟಕ್ಕೆ ಬಿಟ್ವಿ. ಗಟಗಟ ಅಂತ ಕುಡೀತು. ಡ್ರೈವರ್‌ನ ಹಳ್ಳದ ದಡದಲ್ಲಿ ಕೂರಿಸ್ದೆ. ನಾನು ಕೆಳಗಿನ ಲೇಔಟಿನ ಚೇಂಬರ್ ಮುಚ್ಚಳ ಎಲ್ಲಾ ತೆಗೀತಾ ಹೋದೆ, ಹತ್ತೊಂಬತ್ತು ಮುಚ್ಚಳ, ಒಂದೊಂದಕ್ಕೂ ಮಂಡಿಯೂರಿ ಇಣುಕ್ದೆ. ಜನ ಬಾಲ್ಕನಿಯಿಂದ ನೋಡ್ತಿದ್ರು, ಉಂಗುರ ಬಿದ್ದೋಯ್ತಾ ಅಂತ ಒಬ್ರು ವಿಚಾರಿಸಿದ್ರು.

ಸಾಯಂಕಾಲ ನಾಲ್ಕಾಯ್ತು. ಹಳ್ಳದಲ್ಲಿ ಹಸಿರಿಲ್ಲ. ಚೇಂಬರಲ್ಲಿ ಇಲ್ಲ. ನಿಮ್ಮ ಬೀದಿ ಮೋರೀಲೂ ಇಲ್ಲ. ಎರಡು ಟ್ಯಾಂಕರ್ ನೀರು ಒಳಗೆ ಹೋಯ್ತು, ಯಾವ ಬಾಯಿಂದ್ಲೂ ಹೊರಗೆ ಬರ್ಲಿಲ್ಲ. ಡ್ರೈವರ್ ಅಂದ, ಸಾರ್, ಒಂದು ಕಡೆ ನೀವು ನೋಡೇ ಇಲ್ಲ ಅನ್ಸತ್ತೆ.

ಹೌದು. ಒಂದು ಕಡೆ ನೋಡಿಲ್ಲ. ಅದಕ್ಕೆ ಬಾಗಿಲಿದೆ, ಬಾಗಿಲಿಗೆ ಬೀಗ ಇದೆ, ಬೀಗದ ಕೈ ಇರೋದು ನಿನ್ನ ಹತ್ರ. ಕೇಳೋಕೆ ನಂಗೆ ಬಾಯಿಲ್ಲ. ಆಕಾಶ ಮೋಡ ಮುಚ್ಚಿದೆ, ನಾಳೆ ಮಳೆ ಬರಬಹುದು.

ನಿನ್ನ ತಮ್ಮ.


ಮೇ ೯

ನೀರಿನ ಸಾಹೇಬರಿಗೆ,

ನಿನ್ನೆ ಮಳೆ ಆದ್ಮೇಲೆ ಕೆಳಗಿಳಿದು ನೋಡ್ದೆ. ಮೈದಾನದ ಕಡೆ ಗೋಡೆ ಬುಡದಲ್ಲಿ ಹಸಿರು ಜಿನುಗ್ತಿದೆ. ಬಿಳೀ ಲೈನಿಂಗ್ ಬಟ್ಟೆ ಒತ್ತಿ ತೆಗೆದಿದ್ದೀನಿ. ನಿಮ್ಮ ಭಾವನ ಕೈಲಿ ಕಳಿಸಿರೋ ಕವರಲ್ಲಿದೆ.

ಅದೇ ಕವರಲ್ಲಿ ಇನ್ನೂ ಒಂಬತ್ತು ಪಟ್ಟಿ ಇವೆ. ಪ್ರತಿ ಮಳೆಗಾಲ ಶುರುವಾಗೋ ಮುಂಚೆ ಒಂದು ಬಿಳೀ ಪಟ್ಟಿ ಕತ್ತರಿಸಿ, ತುದಿ ನೆಲಕ್ಕೆ ತಾಗೋ ಹಾಗೆ ಅದೇ ಗೋಡೆಗೆ ಚುಚ್ಚಿ ಇಡ್ತಿದ್ದೆ. ನೀರು ಎಲ್ಲಿ ತನಕ ಏರಿತು ಅಂತ ಕಲೆ ಹೇಳತ್ತೆ. ಆ ಕಲೆ ಪಕ್ಕದಲ್ಲಿ ತಾರೀಖು ನೂಲಲ್ಲಿ ಹೊಲಿದಿದ್ದೀನಿ. ಶಾಯಿ ಆದ್ರೆ ಕರಗತ್ತೆ.

ಯಾರಾದ್ರೂ ಒಂದಿನ ಕೇಳ್ತಾರೆ ಅಂತ ಇಟ್ಟಿದ್ದೆ. ಯಾರೂ ಕೇಳ್ಲಿಲ್ಲ.

ನಿಮ್ಮ ಅಕ್ಕ


ಮೇ ೩೦, ಬೆಳಿಗ್ಗೆ

ಅಕ್ಕ, ಮೂರು ವಾರ ಆಯ್ತು. ದಿನಾ ಈ ಫೋನ್ ಬಾಯಿ ಹತ್ರ ಹಿಡೀತೀನಿ, ಇಡ್ತೀನಿ.

ಪಟ್ಟಿಗಳನ್ನ ಕಚೇರೀಲಿ ಕಿಟಕಿ ಸರಳಿಗೆ ಕ್ಲಿಪ್ ಹಾಕಿ ಸಾಲಾಗಿ ನೇತುಹಾಕ್ದೆ. ಮೊದಲನೇದು ಐದು ಇಂಚು. ಐದನೇ ವರ್ಷದ್ದು ಹದಿನಾಲ್ಕು. ಆಮೇಲೆ ನನ್ನ ಹಳೇ ಡೈರಿಗಳ ಪೆಟ್ಟಿಗೆ ತೆಗೆದೆ. ಹತ್ತು ವರ್ಷದ ಹಿಂದೆ, ಫೆಬ್ರವರಿ ಕೊನೇಲಿ, ಕೆಳಗಿನ ಲೇಔಟಿಗೆ ಕಾಲುವೆ ತೆಗೆಯೋವಾಗ ನಾನೇ ಬರೆದಿದೀನಿ. ಓದ್ತೀನಿ ಕೇಳು. "ಹಳೇ ಮಣ್ಣಿನ ಕೊಳವೆ ಅಡ್ಡ ಸಿಕ್ಕಿತು. ಪೂರ್ತಿ ಒಣಗಿದೆ. ಸತ್ತ ಕೊಳವೆ. ಬಾಯಿಗೆ ಕಾಂಕ್ರೀಟ್ ತುಂಬಿಸಿ ಮುಚ್ಚಲಾಯಿತು." ಕೆಳಗೆ ನನ್ನ ಸಹಿ.

ಒಣಗಿದೆ ಅಂತ ಬರೆದಿದೀನಿ. ಫೆಬ್ರವರೀಲಿ ಅಕ್ಕ. ಮಳೆ ಕಂಡು ಮೂರು ತಿಂಗಳಾಗಿತ್ತು. ಆ ತಿಂಗಳಲ್ಲಿ ಯಾವ ಕೊಳವೆ ಒಣಗಿರಲ್ಲ? ಉಸಿರು ಹಿಡಿದೋನ ಮೂಗಿನ ಮುಂದೆ ಕೈ ಇಟ್ಟು ಸತ್ತ ಅಂತ ಬರ್ಕೊಂಡ ಹಾಗೆ.

ಈಗ ಎಲ್ಲಾ ಕೂಡತ್ತೆ. ಮೇಲಿನ ಮೈದಾನದ ನೀರು ಆ ಕೊಳವೇಲಿ ಇಳಿದು ಬರತ್ತೆ, ಕೆಳಗೆ ನಾನು ಹಾಕಿದ ಕಾಂಕ್ರೀಟಿಗೆ ತಾಗಿ ನಿಲ್ಲತ್ತೆ, ಹಿಂದಕ್ಕೆ ತುಂಬ್ಕೊಂಡು ಬಂದು ನಿನ್ನ ಗೋಡೆ ಹತ್ರ ಕೊಳವೆ ಸಂದುಗಳಿಂದ ಹೊರಗೆ ಸೋರತ್ತೆ. ಲೇಔಟಿನ ನೀರು ಮೇಲಕ್ಕೆ ಹತ್ತಲ್ಲ ಅಂದಿದ್ದೆ, ಅದು ನಿಜ, ಒಂದು ಹನಿನೂ ಹತ್ತಿಲ್ಲ. ಮೇಲಿನ ನೀರಿಗೆ ಕೆಳಗಿಳಿಯೋಕೆ ನಾನು ದಾರಿ ಬಿಟ್ಟಿರ್ಲಿಲ್ಲ. ಲೆಕ್ಕದ ಒಂದು ಸಾಲೂ ತಪ್ಪಿಲ್ಲ ಅಕ್ಕ, ಉತ್ತರ ಮಾತ್ರ ತಪ್ಪು. ನಿನ್ನ ಬಚ್ಚಲು ಸುಮ್ನೆ ಮೂರು ಸಲ ಏಟು ತಿಂತು.

ಇದನ್ನ ಮನೆ ಕಟ್ಟಿಸೋ ಕಂಪನಿ ಮ್ಯಾನೇಜರ್ ಮೇಡಂಗೆ ಹೇಳ್ದೆ. ಅವರು ಕೆಟ್ಟೋರಲ್ಲ, ಅವಸರದೋರು. ಹಾಗಾದ್ರೆ ಸುಲಭ ಅಲ್ವಾ, ಮೈದಾನದಲ್ಲಿ ಸಿಕ್ಕಿರೋ ಮೇಲಿನ ಬಾಯೀನೂ ಮುಚ್ಚಿಬಿಡಿ, ಕೊಳವೆಗೆ ನೀರೇ ಹೋಗಲ್ಲ, ಯಾರಿಗೂ ಏನೂ ಬರೆದು ಕೊಡಬೇಕಾಗಿಲ್ಲ ಅಂದ್ರು. ಬಾಯಿ ಮುಚ್ಚಿದ್ರೆ ನೀರು ಇರೋದೇ ಇಲ್ವಾ ಮೇಡಂ, ನೆಲದ ಮೇಲಿಂದ ಅದೇ ಬೀದಿಗೆ ಬರತ್ತೆ ಅಂದೆ. ಎಪ್ಪತ್ತೆರಡು ಮನೆ ಸೂರಿನ ನೀರೂ ಸೇರ್ಕೊಂಡ್ರೆ ನಿಂಗೊಬ್ಬಳಿಗೇ ಅಲ್ಲ, ನಿಮ್ಮ ಬೀದಿ ಎಡಗಡೆ ಹನ್ನೊಂದು ಮನೆಗೂ ನುಗ್ಗತ್ತೆ. ಜೂನ್ ಹದಿನೆಂಟಕ್ಕೆ ನಗರಸಭೇಲಿ ಅನುಮತಿ ಸಭೆ. ಅಲ್ಲಿ ನಾನು ಹೇಳ್ಬೇಕು, ಇಲ್ಲಾ ಮುಚ್ಕೊಂಡಿರಬೇಕು. ಹೇಳಿದ್ರೆ ಹಳೇ ಲೇಔಟಿನ ಫೈಲ್ ಮತ್ತೆ ತೆಗೀತಾರೆ, ಅದರಲ್ಲಿರೋದು ನನ್ನ ಸಹಿ.

ತಪ್ಪಾಯ್ತು ಅಕ್ಕ. ಇದನ್ನ ಮೂರು ವಾರದ ಹಿಂದೇನೇ ಹೇಳ್ಬೇಕಿತ್ತು. ಒಂಬತ್ತು ವರ್ಷದ ಹಿಂದೆ ಹೇಳೋಕೆ ನಂಗೆ ಗೊತ್ತಿರ್ಲಿಲ್ಲ, ಆದ್ರೆ ಕೇಳ್ಬಹುದಿತ್ತು. ನೀರು ಯಾವ ಗೋಡೆಯಿಂದ ಬರ್ತಿದೆ ಅಂತ ಕೂಡ ನಾನು ಕೇಳಿರ್ಲಿಲ್ಲ.

ತಮ್ಮ.


ಜೂನ್ ೨

ಸಾಹೇಬರು ಫೋನಲ್ಲಿ ಒಪ್ಪಿಕೊಂಡಿದ್ದು ಕೇಳಿಸ್ತು. ಸಭೇಲಿ ಒಪ್ಪಿಕೊಂಡಿದ್ದು ಇನ್ನೂ ಕೇಳಿಸಿಲ್ಲ.

ಪಟ್ಟಿಗಳನ್ನ ಒಗೀಬೇಡಿ, ಇಸ್ತ್ರೀನೂ ಮಾಡ್ಬೇಡಿ.

ಅಕ್ಕ


ಜೂನ್ ೨೧, ಮಧ್ಯಾಹ್ನ

ಅಕ್ಕ, ಸಭೆಗೆ ನೀನು ಬಂದಿದ್ದೆ. ಹಿಂದಿನ ಸಾಲು, ಕಂಬದ ಮರೇಲಿ. ಕತ್ತು ತಿರುಗಿಸಬಾರದು ಅಂತ ಎಷ್ಟು ಕಷ್ಟ ಪಟ್ಟೆ ಗೊತ್ತಾ? ಮುಗಿದ ತಕ್ಷಣ ಎದ್ದು ಹೋದೆ, ಅದೂ ನೋಡ್ದೆ.

ನೀನು ಕೇಳಿದೀಯ, ಆದ್ರೂ ಹೇಳ್ತೀನಿ, ಯಾಕಂದ್ರೆ ಆ ಮೈಕು ಗೊರಗೊರ ಅಂತಿತ್ತು. ಮೊದಲು ಡೈರಿ ಓದ್ದೆ, ಫೆಬ್ರವರಿ ಅಂತ ತಾರೀಖಿನ ಸಮೇತ. ಮೇಡಂ ಪೆನ್ ಕೆಳಗಿಟ್ರು. ಆಮೇಲೆ ಒಂಬತ್ತು ಪಟ್ಟಿ ಟೇಬಲ್ ಮೇಲೆ ಹರಡ್ದೆ. ಅಧಿಕಾರಿ ಕನ್ನಡಕ ತೆಗೆದು ಬಗ್ಗಿ, ಇದು ಯಾವ ಇಲಾಖೆ ದಾಖಲೆ ಅಂತ ಕೇಳಿದ್ರು.

"ಇಲಾಖೆ ಅಲ್ಲ ಸಾರ್. ನಮ್ಮಕ್ಕಂದು. ಟೈಲರ್."

ನಗ್ತಾರೆ ಅಂದ್ಕೊಂಡೆ. ನಗ್ಲಿಲ್ಲ. ಅವರು ಹದಿನಾಲ್ಕು ಇಂಚಿನ ಪಟ್ಟಿ ಎತ್ಕೊಂಡು ಹೊಲಿಗೆ ಮೇಲೆ ಬೆರಳಾಡಿಸಿ ತಾರೀಖು ಓದಿದ್ರು. ಇಲ್ಲೇ ಅಕ್ಕ, ನಿಂಗೆ ಗೊತ್ತಿಲ್ಲದ ಒಂದು ಮಜಾ ಇದೆ. ಆ ವರ್ಷ ಜೋರು ಮಳೆ ಬಂದೇ ಇಲ್ಲ. ಮಳೆ ಪುಸ್ತಕ ತೆಗೆದು ನೋಡ್ದೆ. ಬಂದಿದ್ದು ಐದು ದಿನ ಬಿಡದೇ ಸೋನೆ. ಒಂದೇ ದಿನ ಧೋ ಅಂತ ಸುರಿದ ವರ್ಷ ನಿನ್ನ ಪಟ್ಟೀಲಿ ಬರೀ ಆರು ಇಂಚು. ನಾವೆಲ್ಲ ಒಂದು ಗಂಟೆ ಜೋರು ಮಳೆಗೆ ಲೆಕ್ಕ ಹಾಕ್ತೀವಿ. ನಿನ್ನ ಗೋಡೆ ಹೇಳ್ತಿರೋದು, ಈ ಜೇಡಿಮಣ್ಣಲ್ಲಿ ಹೆದರಬೇಕಾಗಿರೋದು ಮೆಲ್ಲಗೆ ಬಂದು ಎದ್ದು ಹೋಗದೇ ಇರೋ ಮಳೆಗೆ ಅಂತ. ಯಾವ ಯಂತ್ರಾನೂ ಇದನ್ನ ನಂಗೆ ಹೇಳಿರ್ಲಿಲ್ಲ.

ತೀರ್ಮಾನ ಹೀಗಿದೆ. ಮೈದಾನದ ತಗ್ಗಿನ ಮೂಲೇಲಿ ನೀರು ತಂಗೋ ಹೊಂಡ ಐದು ದಿನದ ಮಳೆಗೆ ಸಾಲೋ ಹಾಗೆ ದೊಡ್ಡದು ಮಾಡ್ಬೇಕು. ಅದಕ್ಕೆ ನಾಲ್ಕು ಮನೆ ಬಿಟ್ಟುಕೊಡಬೇಕು, ಈಗ ಅರವತ್ತೆಂಟು. ಹೊಂಡದಿಂದ ನಿಮ್ಮ ಬೀದಿ ಬಳಸ್ಕೊಂಡು ಹಳ್ಳಕ್ಕೆ ಹೊಸ ಕೊಳವೆ. ಕೆಳಗೆ ನಾನು ಹಾಕಿದ ಕಾಂಕ್ರೀಟ್ ಒಡೆದು ಹಳೇ ಕೊಳವೆ ಬಿಡಿಸ್ಬೇಕು, ನಿನ್ನ ಗೋಡೆ ಹಿಂದೆ ತುಂಬಿರೋ ನೀರು ಇಳಿದು ಹೋಗೋಕೆ. ಹೊಸ ಮನೆಗಳ ಬುನಾದಿಗಿಂತ ಮೊದಲು ಇದಿಷ್ಟೂ ಆಗ್ಬೇಕು ಅಂತ ಬರೆಸಿದ್ರು.

ಇನ್ನೊಂದು. ಹಳೇ ಫೈಲ್ ವಿಚಾರಣೆ ಮುಗಿಯೋ ತನಕ ನಾನು ಯಾವ ನಕ್ಷೆಗೂ ಸಹಿ ಹಾಕೋ ಹಾಗಿಲ್ಲ. ನನ್ನ ಜಾಗಕ್ಕೆ ಒಬ್ಬಳು ಎಂಜಿನಿಯರ್ ಬಂದಿದಾಳೆ, ನಿನ್ನ ಪಟ್ಟಿಗಳನ್ನ ನೋಡಿ ಮೊದಲು ಕೇಳಿದ್ದು ಯಾವ ಬಟ್ಟೆ, ಎಷ್ಟು ಹೀರತ್ತೆ ಅಂತ. ಒಳ್ಳೇ ಪ್ರಶ್ನೆ. ನಾನು ಈಗ ಬರೀ ಟೋಪಿ ಹಾಕ್ಕೊಂಡು ಪಕ್ಕದಲ್ಲಿ ನಿಲ್ಲೋನು. ಜೆಸಿಬಿ ಡ್ರೈವರ್ ಈಗ್ಲೂ ಸಾರ್ ಅಂತಾನೆ, ಸ್ವಲ್ಪ ಮೆಲ್ಲಗೆ.

ನಿನ್ನ ತಮ್ಮ.


ಆಗಸ್ಟ್ ೩

ಕಾಂಕ್ರೀಟ್ ಒಡೆದ ದಿನ ನಿಮ್ಮ ಭಾವ ನೋಡೋಕೆ ಹೋಗಿದ್ರು. ಕಪ್ಪು ನೀರು ಅರ್ಧ ದಿನ ಬಂತಂತೆ, ನೀವು ಅಷ್ಟೊತ್ತೂ ಅಲ್ಲೇ ನಿಂತಿದ್ರಂತೆ, ಊಟಕ್ಕೂ ಹೋಗದೇ.

ಹತ್ತನೇ ಪಟ್ಟಿ ಚುಚ್ಚಿದ್ದೀನಿ. ನೋಡೋಣ.

ಅಕ್ಕ


ಸೆಪ್ಟೆಂಬರ್ ೧೪, ಬೆಳಿಗ್ಗೆ

ಅಕ್ಕ, ಕೇಳಿಸ್ತಿದೆಯಾ? ಛತ್ರಿ ಮೇಲೆ ಬೀಳ್ತಿರೋ ಸದ್ದು, ಅದಕ್ಕೇ ಸ್ವಲ್ಪ ಜೋರಾಗಿ ಮಾತಾಡ್ತಿದ್ದೀನಿ. ಇವತ್ತಿಗೆ ಆರನೇ ದಿನ. ಅದೇ ಸೋನೆ, ನಿಂತ್ಕೊಳ್ಳೋದೂ ಇಲ್ಲ, ಜೋರೂ ಆಗಲ್ಲ. ನಾನು ಬೇಡ್ಕೊಂಡಿದ್ದೂ ಇದನ್ನೇ, ಹೆದರಿದ್ದೂ ಇದಕ್ಕೇ.

ಬೆಳಕು ಹರಿದ ತಕ್ಷಣ ಮೈದಾನಕ್ಕೆ ಹೋಗಿದ್ದೆ. ಹೊಂಡ ಮುಕ್ಕಾಲು ತುಂಬಿದೆ. ಮನೆಗಳು ಇನ್ನೂ ತಳಪಾಯದಲ್ಲೇ ಇವೆ, ಅದರ ಮಧ್ಯೆ ಈ ದೊಡ್ಡ ಹೊಂಡ ಸುಮ್ನೆ ಕೂತು ನೀರನ್ನ ಸ್ವಲ್ಪ ಸ್ವಲ್ಪವಾಗಿ ಬಿಡ್ತಿದೆ. ಹೊಸ ಎಂಜಿನಿಯರ್ ದಡದಲ್ಲಿ ಒಂದು ಕೋಲಿಗೆ ಬಿಳೀ ಬಟ್ಟೆ ಪಟ್ಟಿ ಕಟ್ಟಿದಾಳೆ. ಏನಮ್ಮಾ ಇದು ಅಂದೆ. ಯಂತ್ರಾನೂ ಇದೆ ಸಾರ್, ಆದ್ರೂ ಇರ್ಲಿ ಅಂದ್ಲು. ಆ ಹೆಬ್ಬೆರಳಿನ ಕೊಳವೆ ಒಡೀದೇ ಎತ್ತಿಟ್ಟಿದೀನಿ, ಪಕ್ಕದ ಮನೆ ಅಜ್ಜಿಗೆ ತೋರಿಸ್ಬೇಕು, ಅವರ ಹೆಬ್ಬೆರಳು ಕೂರತ್ತಾ ಅಂತ ನಂಗಿನ್ನೂ ಕುತೂಹಲ.

ಅಲ್ಲಿಂದ ಕೊಳವೆ ಜೊತೇಲೇ ನಡ್ಕೊಂಡು ಬಂದೆ. ಒಂದೊಂದು ಮುಚ್ಚಳ ಎತ್ತಿ ನೋಡ್ತಾ. ಎಲ್ಲಾ ಕಡೆ ನೀರು ತನ್ನ ಪಾಡಿಗೆ ಹೋಗ್ತಿದೆ. ನಿಮ್ಮ ಬೀದಿ ಕೊನೇಲಿರೋ ಮುಚ್ಚಳದ ಹತ್ರ ಈಗ ನಿಂತಿದೀನಿ, ಇಲ್ಲಿಂದ ನಿನ್ನ ಮನೆ ಕಾಣತ್ತೆ. ಕೆಳಗಿನ ಸಣ್ಣ ಕಿಟಕೀಲಿ ದೀಪ ಹತ್ತಿದೆ. ಒಂದು ಗಂಟೆಯಿಂದ ಹತ್ತಿದೆ. ನೀನು ಕೆಳಗಿದ್ದೀಯ, ಪಟ್ಟಿ ನೋಡ್ತಿದ್ದೀಯ ಅಂತ ಗೊತ್ತು. ನನ್ನ ಲೆಕ್ಕದ ಪ್ರಕಾರ… ಬೇಡ, ಲೆಕ್ಕ ಹೇಳಲ್ಲ. ಈ ಸಲ ನಂಗೆ ನಿಜವಾಗ್ಲೂ ಗೊತ್ತಿಲ್ಲ ಅಕ್ಕ. ಕಾಂಕ್ರೀಟ್ ಒಡೆದಾಯ್ತು, ಆದ್ರೆ ಆ ಸೊಟ್ಟ ಕೊಳವೆಗಳ ಒಳಗೆ ಏನೇನಿದೆಯೋ ಯಾರು ಕಂಡೋರು? ಬಂದು ಬಾಗಿಲು ತಟ್ಟೋಣ ಅಂದ್ಕೊಂಡೆ, ಕಾಲು ಬರ್ತಿಲ್ಲ. ಅದಕ್ಕೆ ಇಲ್ಲೇ ನಿಂತು, ಐವತ್ತು ಹೆಜ್ಜೆ ದೂರದಲ್ಲಿರೋಳಿಗೆ ಫೋನಲ್ಲಿ ಮಾತಾಡ್ತಿದೀನಿ. ನಿನ್ನ ಪಟ್ಟೀಲಿ ಎಷ್ಟಿದ್ರೂ ಪರವಾಗಿಲ್ಲ, ಎರಡಿಂಚಾದ್ರೂ ಹತ್ತಿಂಚಾದ್ರೂ ಹಾಗೇ ಹೊಲಿದು ಕಳ್ಸು, ನಾನು ಮತ್ತೆ ಮೊದಲಿಂದ…

ಇರು. ದೀಪ ಆರ್ತು.

ಮುಂದಿನ ಬಾಗಿಲು ತೆಗೀತು. ಭಾವ ಅಲ್ಲ, ನೀನೇ. ಕುತ್ತಿಗೇಲಿ ಅಳತೆ ಟೇಪು. ಕೈಯಲ್ಲಿ ಏನೋ ಬಿಳೀದು ಇದೆ, ಈ ಮಳೇಲಿ ಇಲ್ಲಿಂದ ಸರಿಯಾಗಿ ಕಾಣ್ತಿಲ್ಲ. ಏನೋ ಕೂಗ್ತಿದ್ದೀಯ. ಛತ್ರಿ ಸದ್ದಲ್ಲಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು…

"ಲೋ ಮೊಂಡಾ, ಟೇಬಲ್ ಇಟ್ಟಿಗೆಯಿಂದ ಇಳಿಸ್ಬೇಕು ಬಾ. ಆ ಬೂಟು ಹೊರಗೇ ಬಿಚ್ಚು, ಕೆಳಗೆ ನೆಲ ಒದ್ದೆ ಮಾಡ್ಬೇಡ."

ಬಂದೆ ಅಕ್ಕ. ಇಡ್ತೀನಿ ಫೋನು, ನೀನು ಕರೀತಿದ್ದೀಯ.